ಅಧಿಕಾರ ಎಂಬ ಗೆರೆ

ಇಂದಿನ ಕನ್ನಡದಲ್ಲಿ ಅಧಿಕಾರ ಎಂದರೆ ಕುರ್ಚಿ, ಮೊಹರು, ಹುಕುಂ. ವೇದದ ಯಾಗಕರ್ಮಗಳನ್ನು ವಿಚಾರಿಸಿದ ಮೀಮಾಂಸಕರಿಗೆ ಅದು ಬೇರೆಯೇ ಪ್ರಶ್ನೆ: ಈ ಕರ್ಮಕ್ಕೆ ಅರ್ಹರು ಯಾರು? ಅವರ ಮೂಲಗ್ರಂಥವಾದ ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯ ಇದರ ಚರ್ಚೆಗೇ ಮೀಸಲು. ರಾಜಸೂಯದ ಮಂತ್ರವೆಲ್ಲ ಬಾಯಿಗೆ ಬರುವ ಪುರೋಹಿತ ಆ ಯಾಗವನ್ನು ಮಾಡಿಸಬಲ್ಲ, ಅದರ ಯಜಮಾನನಾಗಲಾರ. ಅದು ರಾಜನಿಗೆ ಮಾತ್ರ ಸಲ್ಲುವ ಯಾಗ. ತಿಳಿದಿರುವುದು ಬೇರೆ, ಅಧಿಕಾರವಿರುವುದು ಬೇರೆ.

ಈ ಭೇದವನ್ನು ಹಿಡಿದು ಇಂಗ್ಲೆಂಡಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗುವಿಗೆ ಗಂಭೀರ ಹಾನಿಯಾಗುತ್ತಿದೆ ಎಂಬ ಶಂಕೆ ಬಂದರೆ 1989ರ ಮಕ್ಕಳ ಕಾಯ್ದೆಯ 47ನೆಯ ಕಲಮಿನಂತೆ ಸ್ಥಳೀಯ ಆಡಳಿತ ವಿಚಾರಣೆ ನಡೆಸಲೇಬೇಕು. ಸೋಷಿಯಲ್ ವರ್ಕರ್ ಮನೆಗೆ ಬರುತ್ತಾರೆ, ವರದಿ ಬರೆಯುತ್ತಾರೆ. ಪ್ರಕರಣ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುತ್ತದೆ. 31ನೆಯ ಕಲಮಿನ ಕೆಳಗೆ ಮಗುವನ್ನು ಆಡಳಿತದ ಪಾಲನೆಗೆ ಒಪ್ಪಿಸುವ ಆದೇಶವೂ ಬರಬಹುದು. ವರದಿಯಲ್ಲಿ ಬರೆದದ್ದು ಸುಳ್ಳು ಎಂದು ತಾಯಿ ನಂಬಿದ್ದಾಳೆ. ಆಕೆ ಒಂಬುಡ್ಸ್‌ಮನ್‌ಗೆ, ನಮ್ಮ ಮಾತಿನಲ್ಲಿ ಲೋಕಾಯುಕ್ತರಿಗೆ, ದೂರು ಕೊಡುತ್ತಾಳೆ. ಇದನ್ನು ನಾವು ವಿಚಾರಿಸುವಂತಿಲ್ಲ ಎಂಬ ಉತ್ತರ ಬರುತ್ತದೆ.

ನಿಷ್ಠುರವೆನಿಸುವ ಈ ಉತ್ತರದ ಬೇರು 1974ರ ಲೋಕಲ್ ಗವರ್ನಮೆಂಟ್ ಕಾಯ್ದೆಯಲ್ಲಿದೆ. ಕೋರ್ಟಿನಲ್ಲಿ ಪರಿಹಾರ ಸಿಗುವಂಥ ವಿಷಯವನ್ನು ಒಂಬುಡ್ಸ್‌ಮನ್ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ಆದರೆ ದೂರುದಾರರು ಕೋರ್ಟಿಗೆ ಹೋಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ ಎನಿಸಿದರೆ ಅಲ್ಲಿ ವಿವೇಚನೆಗೆ ಎಡೆಯಿದೆ. ಅದೇ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಆ ಎಡೆಯೂ ಇಲ್ಲ. ಮೊಕದ್ದಮೆ ಹೂಡಿದ್ದು, ನಡೆಸಿದ್ದು, ಅದರಲ್ಲಿ ಆಡಳಿತ ಮುಂದಿಟ್ಟ ವರದಿ, ಇವೆಲ್ಲ ಸಂಪೂರ್ಣ ಹೊರಗೆ.

ಏಕೆ? ನ್ಯಾಯಾಲಯದಲ್ಲಿ ವರದಿ ಬರೆದವರನ್ನು ಕಟಕಟೆಗೆ ಕರೆದು ಪಾಟಿಸವಾಲು ಮಾಡಬಹುದು. ತಾಯಿಗೆ ವಕೀಲರಿರುತ್ತಾರೆ. ಮಗುವಿನ ಪರವಾಗಿಯೇ ಮಾತಾಡಲು ಪ್ರತ್ಯೇಕ ಗಾರ್ಡಿಯನ್ ಇರುತ್ತಾರೆ. ತಪ್ಪಾದರೆ ಮೇಲ್ಮನವಿಯಿದೆ. ಒಂಬುಡ್ಸ್‌ಮನ್ ಮಾಡುವುದು ಮುಖ್ಯವಾಗಿ ಕಡತದ ಪರಿಶೀಲನೆ. ಕೊನೆಗೆ ಕೊಡುವುದು ಶಿಫಾರಸು, ಆದೇಶವಲ್ಲ. ನ್ಯಾಯಾಧೀಶರು ನಂಬಿದ ವರದಿಯನ್ನು ಒಂಬುಡ್ಸ್‌ಮನ್ ಸುಳ್ಳೆಂದು ಸಾರಿದರೂ ಮಗು ಮನೆಗೆ ಮರಳುವುದಿಲ್ಲ. ತಾಯಿಯ ಕೈಗೆ ಏನೂ ಮಾಡಲಾಗದ ಒಂದು ಕಾಗದ ಬರುತ್ತದೆ, ಅಷ್ಟೇ. ಮಗು ಮರಳೀತೆಂಬ ಆಸೆ ಹುಟ್ಟಿಸುವುದೇ ಕ್ರೌರ್ಯ. ಆದ್ದರಿಂದ ಈ ಗೆರೆ ಸರಿಯೆಂದೇ ನನ್ನ ಅಭಿಪ್ರಾಯ.

ಆದರೆ ಗೆರೆ ಗೋಡೆಯಾಗಬಾರದು. ಮೀಮಾಂಸೆಯ ಚರಿತ್ರೆಯಲ್ಲೇ ಈ ಎಚ್ಚರಿಕೆಯಿದೆ. ಯಾಗದಲ್ಲಿ ಎಲ್ಲರಿಗೂ ಅಧಿಕಾರವುಂಟೆಂದು ಬಾದರಿ ಎಂಬ ಆಚಾರ್ಯರು ವಾದಿಸಿದ್ದರು. ಅದೇ ಆರನೆಯ ಅಧ್ಯಾಯದಲ್ಲಿ ಆ ವಾದ ತಿರಸ್ಕೃತವಾಯಿತು, ಶೂದ್ರರು ಹೊರಗುಳಿದರು. ಅರ್ಹತೆಯನ್ನು ಅಳೆಯಲು ಹುಟ್ಟಿದ ಮಾತು ಬಾಗಿಲು ಮುಚ್ಚಲು ಬಳಕೆಯಾಯಿತು. ಹಾಗೆಯೇ, "ವಿಷಯ ಕೋರ್ಟಿನಲ್ಲಿದೆ" ಎಂಬ ಒಂದೇ ಮಾತಿನಲ್ಲಿ ಎಲ್ಲ ದೂರನ್ನೂ ಬದಿಗೆ ತಳ್ಳಲು ಯಾವ ಕಚೇರಿಗೂ ಹಕ್ಕಿಲ್ಲ. ಆದೇಶದ ನಂತರ ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಆಕೆಗೆ ಸಲ್ಲಬೇಕಾದ ಭತ್ಯೆಯನ್ನು ತಿಂಗಳುಗಟ್ಟಲೆ ಕೊಡದಿದ್ದರೆ? ಕೋರ್ಟಿನ ಮುಂದೆ ಬಾರದ ಅಂಥ ವಿಳಂಬ, ಉದಾಸೀನ, ಕಡತ ಕಳೆದುಹಾಕುವುದು ಒಂಬುಡ್ಸ್‌ಮನ್ ವಿಚಾರಿಸಬೇಕಾದ ದುರಾಡಳಿತ. ಬ್ರಿಟನ್ನಿನ ಸಚಿವ ರಿಚರ್ಡ್ ಕ್ರಾಸ್‌ಮನ್ 1966ರಲ್ಲಿ ಪಾರ್ಲಿಮೆಂಟಿನಲ್ಲಿ ದುರಾಡಳಿತದ ಲಕ್ಷಣಗಳನ್ನು ಎಣಿಸಿದಾಗ ಪಕ್ಷಪಾತದ ಜೊತೆಗೆ ವಿಳಂಬ, ನಿರ್ಲಕ್ಷ್ಯಗಳನ್ನೂ ಹೆಸರಿಸಿದ್ದರು.

ನಮ್ಮಲ್ಲೂ ಈ ಗೆರೆಯಿದೆ. ಕೋರ್ಟು, ಮೇಲ್ಮನವಿಗಳಂಥ ದಾರಿಯಿದ್ದೂ ಅದನ್ನು ಬಳಸದೆ ಬಂದವರ ದೂರಿಗೆ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯೂ ತಡೆಯೊಡ್ಡುತ್ತದೆ.

ಇಂಗ್ಲೆಂಡಿನಲ್ಲಿ ಇಂಥ ಸಂಕಟಕ್ಕೆ ಸಿಲುಕಿದ ಯಾರಾದರೂ ನಿಮಗೆ ಪರಿಚಯವಿದ್ದರೆ ಇಷ್ಟು ಹೇಳಿ: ಎರಡು ಹಾಳೆ ಇಟ್ಟುಕೊಳ್ಳಲಿ. ಮಗು ಎಲ್ಲಿರಬೇಕು, ವರದಿ ನಿಜವೇ ಎಂಬುದು ಮೊದಲ ಹಾಳೆ. ಅದನ್ನು ವಕೀಲರ ಕೈಗೆ ಕೊಡಲಿ. ಕೋರ್ಟಿಗೆ ಸಂಬಂಧಪಡದ ವಿಳಂಬ, ಅಲಕ್ಷ್ಯಗಳು ಎರಡನೆಯದು. ಅದನ್ನು ಮೊದಲು ಸ್ಥಳೀಯ ಆಡಳಿತಕ್ಕೇ ಬರೆಯಲಿ. ಅಲ್ಲಿ ನ್ಯಾಯ ಸಿಗದಿದ್ದರೆ ಒಂಬುಡ್ಸ್‌ಮನ್ ಬಳಿಗೆ ಹೋಗಲಿ. ಸಂಗತಿ ತಿಳಿದ 12 ತಿಂಗಳೊಳಗೆ ಹೋಗಬೇಕು.