ಹದಿನೈದು ಸೆಂಟಿನ ಹೊಸ್ತಿಲು

2002ರ ಮಾರ್ಚ್ 4, ಸೋಮವಾರ. ಐರ್ಲೆಂಡಿನ ಅಂಗಡಿಗಳಲ್ಲಿ ಅಂದು ಬೆಳಿಗ್ಗೆಯಿಂದ ಒಂದು ಸಣ್ಣ ಪ್ರಶ್ನೆ ಶುರುವಾಯಿತು: ‘ಚೀಲ ಬೇಕಾ?’ ಅಲ್ಲಿಯವರೆಗೆ ಅದನ್ನು ಕೇಳುವ ಪ್ರಮೇಯವೇ ಇರಲಿಲ್ಲ. ಬ್ರೆಡ್ಡು, ಹಾಲು, ಆಲೂಗಡ್ಡೆ, ಪತ್ರಿಕೆ, ಏನೇ ಕೊಂಡರೂ ಅದು ಪ್ಲಾಸ್ಟಿಕ್ ಚೀಲದೊಳಗೆ ಕೂತೇ ಕೈಗೆ ಬರುತ್ತಿತ್ತು. ಅಂದಿನಿಂದ ಬೇಕೆಂದವರು ಚೀಲವೊಂದಕ್ಕೆ 15 ಸೆಂಟ್ ತೆರಬೇಕಾಯಿತು. ಯೂರೋ ನೋಟು ನಾಣ್ಯಗಳು ಆ ಜನರ ಕೈಗೆ ಬಂದು ಎರಡು ತಿಂಗಳಷ್ಟೇ ಆಗಿತ್ತು. ಹೊಸ ಹಣದ ಲೆಕ್ಕವೇ ಇನ್ನೂ ಕೈಗೆ ಕೂಡಿಬರದ ಹೊತ್ತಿನಲ್ಲಿ ಹೊಸದೊಂದು ತೆರಿಗೆ. ಜನ ಸಿಡಿದೇಳಬಹುದಿತ್ತು. ಏಳಲಿಲ್ಲ. ಮನೆಯಿಂದ ಚೀಲ ತಂದರು.

ತೆರಿಗೆಗೆ ಮುಂಚೆ ಅಲ್ಲಿ ಒಬ್ಬೊಬ್ಬರು ವರ್ಷಕ್ಕೆ ಅಂದಾಜು 328 ಚೀಲ ಪಡೆಯುತ್ತಿದ್ದರು. ಹೆಚ್ಚುಕಡಿಮೆ ದಿನಕ್ಕೊಂದು. ತೆರಿಗೆ ಬಂದ ಮೇಲೆ ಅದು 21ಕ್ಕೆ ಇಳಿಯಿತು. ಗಾಳಿ ಬಿರುಸಾಗಿ ಬೀಸುವ ದೇಶ ಅದು. ಹಾರಿಹೋದ ಚೀಲಗಳು ಬೇಲಿಗೆ, ಎಲೆಯುದುರಿದ ಮರಗಳ ಕೊಂಬೆಗೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಪಟಪಟಿಸುತ್ತಿದ್ದವು. ಮಾಟಗಾತಿಯರ ಒಳಚಡ್ಡಿ ಎಂದು ಅಲ್ಲಿನವರು ಅವನ್ನು ಕರೆಯುತ್ತಿದ್ದರು. ಬೀದಿಯ ಕಸವನ್ನು ಎಣಿಸಿ ನೋಡಿದಾಗ ಶೇ 5ರಷ್ಟಿದ್ದ ಚೀಲಗಳ ಪಾಲು, ತೆರಿಗೆಯ ವರ್ಷವೇ ಶೇ 1ಕ್ಕಿಂತ ಕೆಳಗೆ ಬಂದಿತ್ತು.

ಆಗ ಪರಿಸರ ಸಚಿವರಾಗಿದ್ದವರು ನೋಯೆಲ್ ಡೆಂಪ್ಸಿ. ಅವರು ತಂದ ಈ ನಿಯಮದ ಹೆಣಿಗೆಯನ್ನು ನೋಡಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಚೀಲಕ್ಕೆ ಎಷ್ಟು ಕೊಡಲು ಸಿದ್ಧ ಎಂದು ಜನರನ್ನು ಮೊದಲೇ ಕೇಳಿದ್ದರು. ಸರಾಸರಿ ಉತ್ತರ ಎರಡೂವರೆ ಸೆಂಟನ್ನೂ ಮುಟ್ಟಲಿಲ್ಲ. ಸರ್ಕಾರ ಅದರ ಆರು ಪಟ್ಟು ನಿಗದಿ ಮಾಡಿತು. ಯಾರೂ ಉಪವಾಸ ಬೀಳುವಷ್ಟಲ್ಲ, ಆದರೆ ಗಮನಿಸದೆ ಕೊಟ್ಟುಬಿಡುವಷ್ಟೂ ಅಲ್ಲ. ಅಂಗಡಿಯವನು ಗಿರಾಕಿಯನ್ನು ಮೆಚ್ಚಿಸಲು ಆ ದುಡ್ಡನ್ನು ತಾನೇ ಭರಿಸುವಂತಿಲ್ಲ. ಬಿಲ್ಲಿನಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ಇರಲೇಬೇಕು. ಹಸಿ ಮಾಂಸ, ಮೀನು, ಬಿಡಿ ಹಣ್ಣು ತರಕಾರಿ ಕಟ್ಟುವ ಸಣ್ಣ ಚೀಲಗಳಿಗೆ ವಿನಾಯಿತಿ ಇತ್ತು. ಅಡುಗೆಮನೆಯ ಕಷ್ಟ ಬಲ್ಲವರು ಕೂತು ಬರೆದ ಕಾನೂನು ಎಂದು ಅಲ್ಲೇ ಗೊತ್ತಾಗುತ್ತದೆ. ವಸೂಲಿಗೆಂದು ಹೊಸ ಇಲಾಖೆ ಹುಟ್ಟಲಿಲ್ಲ. ಮಾರಾಟ ತೆರಿಗೆ ಕಟ್ಟಿಸಿಕೊಳ್ಳುವವರೇ ಇದನ್ನೂ ಕಟ್ಟಿಸಿಕೊಂಡರು. ಬಂದ ಹಣ ಪರಿಸರ ನಿಧಿಗೆ ಹೋಯಿತು.

ಈ ತೆರಿಗೆ ಗೋಡೆಯಲ್ಲ, ಹೊಸ್ತಿಲು. ಹೊಸ್ತಿಲು ಯಾರನ್ನೂ ತಡೆಯುವುದಿಲ್ಲ. ದಾಟುವವರು ದಾಟುತ್ತಾರೆ. ಆದರೆ ದಾಟುವಾಗ ಕಾಲನ್ನು ಎತ್ತಿಡಬೇಕು. ಆ ಎತ್ತಿಡುವ ಗಳಿಗೆಯಲ್ಲಿ ನಾನು ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದೇನೆ ಎಂಬ ಎಚ್ಚರ ತಾನಾಗಿ ಬರುತ್ತದೆ. ‘ಚೀಲ ಬೇಕಾ?’ ಎಂಬ ಪ್ರಶ್ನೆ ಕೊಡುವುದು ಆ ಒಂದು ಗಳಿಗೆಯನ್ನು. ಕೈಯಲ್ಲಿರುವುದು ಒಂದು ಸೋಪು, ಒಂದು ಪೊಟ್ಟಣ ಕಾಫಿಪುಡಿ. ಜೇಬಿದೆ, ಬೇರೆ ಚೀಲವಿದೆ, ಮನೆ ನಾಲ್ಕು ಹೆಜ್ಜೆ. ಬೇಡ. ಇಷ್ಟು ಯೋಚಿಸಲು ಯಾರಿಗೂ ಉಪದೇಶ ಬೇಕಿಲ್ಲ, ಕೇಳುವವರು ಬೇಕು.

ಅಮೆರಿಕದ ವಾಷಿಂಗ್ಟನ್ ನಗರದಲ್ಲೂ ಇದು ಕಂಡುಬಂತು. ಅಲ್ಲಿನ ಅನಕೋಸ್ಟಿಯಾ ನದಿ ಚೀಲಗಳಿಂದ ಕಟ್ಟಿಕೊಂಡಿತ್ತು. ನದಿಯನ್ನು ಉಳಿಸಿಕೊಳ್ಳಲೆಂದು 2010ರ ಜನವರಿಯಿಂದ ಚೀಲಕ್ಕೆ 5 ಸೆಂಟ್ ತೆರಿಗೆ ಬಂತು. ಆ ಸೀಮೆಯ ಅಂಗಡಿಗಳನ್ನು ಟಟಿಯಾನಾ ಹೊಮೊನಾಫ್ ಎಂಬ ಅರ್ಥಶಾಸ್ತ್ರಜ್ಞೆ ಅಧ್ಯಯನ ಮಾಡಿದರು. ಕೆಲವು ಅಂಗಡಿಗಳು ಮೊದಲಿನಿಂದಲೂ ಸ್ವಂತ ಚೀಲ ತಂದವರಿಗೆ 5 ಸೆಂಟ್ ಮರಳಿ ಕೊಡುತ್ತಿದ್ದವು. ಅದರಿಂದ ಆದ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅದೇ 5 ಸೆಂಟನ್ನು ತೆರಿಗೆಯಾಗಿ ಕೇಳಿದ ಕಡೆ, ಹತ್ತರಲ್ಲಿ ಎಂಟು ಮಂದಿ ಅಂಗಡಿಯ ಚೀಲ ಪಡೆಯುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ಮೊತ್ತ ಒಂದೇ. ಕೈಗೆ ಬರಬಹುದಾದ ಐದು ಕಾಸು ನಮ್ಮನ್ನು ಅಲುಗಿಸುವುದಿಲ್ಲ, ಕೈಬಿಟ್ಟು ಹೋಗುವ ಐದು ಕಾಸು ಅಲುಗಿಸುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮನುಷ್ಯರ ಮನಸ್ಸು ಇರುವುದೇ ಹೀಗೆ, ಅದನ್ನು ತಿಳಿದು ಮಾಡಿದ ಏರ್ಪಾಡು ದಯೆಯಿಂದ ಮಾಡಿದ್ದು ಎಂದೇ ನನಗನ್ನಿಸುತ್ತದೆ.

ನಮ್ಮ ಅಂಗಡಿಗಳಲ್ಲಿ ಪ್ರಶ್ನೆ ಇನ್ನೂ ಆ ಕಡೆಯಿಂದ ಬರುತ್ತಿಲ್ಲ, ಈ ಕಡೆಯಿಂದ ಹೋಗುತ್ತಿದೆ. ‘ಒಂದು ಕವರ್ ಕೊಡಪ್ಪಾ.’ ಎರಡು ಕಟ್ಟು ಸೊಪ್ಪಿಗೆ ಒಂದು, ಅದರೊಳಗೆ ಮೆಣಸಿನಕಾಯಿಗೆ ಇನ್ನೊಂದು, ಹೂವಿಗೆ ಮತ್ತೊಂದು. ಹೂವನ್ನು ಬಾಳೆಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿ ಕೊಡುತ್ತಿದ್ದ ಕೈಗಳು ಇನ್ನೂ ಇವೆ. ಕವರ್ ಕೇಳಿದ್ದು ನಾವು. ಅದು ಬಿಟ್ಟಿ ಬಂದದ್ದರಿಂದ ಕೇಳಿದೆವು.

ಬಿಟ್ಟಿ ಬಂದದ್ದರ ಬೆಲೆಯನ್ನು ಯಾರು ಕೊಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕಿದ್ದರೆ ಬೆಂಗಳೂರಿನ ಯಾವುದಾದರೂ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಬೆಳಗಿನ ಹೊತ್ತು ಹೋಗಬೇಕು. ಬೀದಿ ಬೀದಿ ಸುತ್ತಿದ ಗಾಡಿ ಬಂದು ಸುರಿಯುತ್ತದೆ. ರಾಶಿಯ ಸುತ್ತ ಕೂತ ಹೆಂಗಸರ ಕೈ ನಿಲ್ಲುವುದೇ ಇಲ್ಲ. ರಟ್ಟು ಒಂದು ಕಡೆ, ನೀರಿನ ಬಾಟಲಿ ಒಂದು ಕಡೆ, ಹಾಲಿನ ಕವರ್ ಬೇರೆ ಚೀಲಕ್ಕೆ. ತೊಳೆದ ಹಾಲಿನ ಕವರಿಗೆ ಕೊಳ್ಳುವವರಿದ್ದಾರೆ, ಒಳ್ಳೆಯ ಬೆಲೆಯಿದೆ. ನಡುವೆ ಬರುತ್ತದೆ ಅಂಗಡಿಯ ತೆಳು ಕವರು. ಒಳಗೆ ನಿನ್ನೆಯ ಅನ್ನ, ಸಾರು, ಬಾಳೆಹಣ್ಣಿನ ಸಿಪ್ಪೆ. ಎರಡು ಕಿವಿಗಳನ್ನು ಸೇರಿಸಿ ಬಿಗಿದ ಗಂಟು. ಹಸಿ ಕಸಕ್ಕೆ ಹೋಗಬೇಕಾದದ್ದು ಒಣ ಕಸಕ್ಕೆ ಬಂದಿದೆ. ಗಂಟು ಬಿಚ್ಚಲು ಬರುವುದಿಲ್ಲ, ಅಷ್ಟು ಬಿಗಿ. ಉಗುರು ಹಾಕಿ ಹರಿಯಬೇಕು. ಹರಿದ ಕೂಡಲೇ ಹುಳಿ ನಾತ, ಕೈತುಂಬ ಸಾರು. ಅಷ್ಟಾದ ಮೇಲೂ ಆ ಕವರಿಗೆ ಬೆಲೆಯಿಲ್ಲ. ತೂಗಿದರೆ ತೂಗುವುದಿಲ್ಲ, ಮೆತ್ತಿಕೊಂಡ ಕೊಳೆ ಹೋಗುವುದಿಲ್ಲ, ಗುಜರಿಯವರು ಮುಟ್ಟುವುದಿಲ್ಲ. ಇಂಥದ್ದನ್ನೆಲ್ಲ ಒತ್ತಿ ಕಟ್ಟಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸುತ್ತಾರೆ. ಅಲ್ಲಿಗೂ ಹೋಗದದ್ದು ಗುಂಡಿ ಸೇರುತ್ತದೆ. ನಾವು ಅದನ್ನು ಬಳಸಿದ್ದು ಅಂಗಡಿಯಿಂದ ಮನೆಯವರೆಗೆ. ಅದರ ಖರ್ಚು ಬಿದ್ದದ್ದು ಆ ಉಗುರುಗಳ ಮೇಲೆ.

ಹಾಗೆಂದು ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಕೈಚೀಲವನ್ನು ಪುಕ್ಕಟೆ ಕೊಡಬಾರದು ಎಂದು ಕೇಂದ್ರ ಸರ್ಕಾರ 2011ರಲ್ಲೇ ನಿಯಮ ಮಾಡಿತ್ತು. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಇನ್ನೂ ಮುಂದೆ ಹೋಗಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲವನ್ನೇ ನಿಷೇಧಿಸಿತು. ಅದೇ ತಿಂಗಳು ಬಂದ ಕೇಂದ್ರದ ನಿಯಮಗಳಲ್ಲಿ, ಚೀಲ ಕೊಡಬಯಸುವ ವ್ಯಾಪಾರಿ ಸ್ಥಳೀಯ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಕಟ್ಟಬೇಕು ಎಂದಿತ್ತು. ತಿಂಗಳಿಗೆ 4,000. ತಳ್ಳುಗಾಡಿಯಲ್ಲಿ ಟೊಮೆಟೊ ಮಾರುವವರಿಗೂ ಅದೇ, ನಾಲ್ಕು ಮಹಡಿಯ ಮಳಿಗೆಗೂ ಅದೇ. 2018ರಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ಆಮೇಲೆ ಕೇಂದ್ರದ ನಿಯಮದಲ್ಲಿ ಚೀಲದ ಕನಿಷ್ಠ ದಪ್ಪದ ಲೆಕ್ಕ ಬಂತು: 2021ರ ಸೆಪ್ಟೆಂಬರ್ ಕೊನೆಯಿಂದ 75 ಮೈಕ್ರಾನ್, 2022ರ ಡಿಸೆಂಬರ್ ಕೊನೆಯಿಂದ 120 ಮೈಕ್ರಾನ್.

ಇಷ್ಟೆಲ್ಲ ಆದರೂ ಕವರು ಮಾರುಕಟ್ಟೆಯಲ್ಲಿದೆ. ತಪಾಸಣೆಯವರು ಬರುವ ಸುದ್ದಿ ಸಿಕ್ಕರೆ ಗೋಣಿಚೀಲದ ಕೆಳಗೆ ಹೋಗುತ್ತದೆ, ಹೋದ ಮೇಲೆ ಹೊರಗೆ ಬರುತ್ತದೆ. ದಂಡ ಬಿದ್ದರೆ ಬೀಳುವುದು ಸೊಪ್ಪಿನವಳಿಗೆ. ಕವರ್ ಕೇಳಿದವರಿಗೆ ಏನೂ ಆಗುವುದಿಲ್ಲ. ನಿಷೇಧದ ಬಗ್ಗೆ ನನ್ನ ಬೇಸರ ಇರುವುದು ಇಲ್ಲೇ. ನಿಷೇಧ ತಪ್ಪಲ್ಲ, ತೀರ ತೆಳುವಾದ, ಒಂದೇ ಸಲಕ್ಕೆ ಹರಿದುಹೋಗುವ ಕವರು ತಯಾರಾಗಲೇಬಾರದು. ಆದರೆ ಬರೀ ನಿಷೇಧ ಕೊಳ್ಳುವವರನ್ನು ಲೆಕ್ಕದಿಂದ ಹೊರಗಿಟ್ಟುಬಿಡುತ್ತದೆ. ಕೊಡುವವನು ಕಳ್ಳ, ಹಿಡಿಯುವವನು ಪೊಲೀಸ, ನಡುವೆ ಚೀಲ ಹಿಡಿದು ನಿಂತ ನಾವು ನೋಡುವವರು ಮಾತ್ರ.

ಇನ್ನೊಂದು ಕಡೆ ದೊಡ್ಡ ಮಳಿಗೆಗಳು ಚೀಲಕ್ಕೆ ದುಡ್ಡು ಹಿಡಿಯುತ್ತಿವೆ, ಗಿರಾಕಿಗಳು ಸಿಟ್ಟಾಗುತ್ತಿದ್ದಾರೆ. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ, ಕಾಗದದ ಚೀಲಕ್ಕೆ 3 ರೂಪಾಯಿ ಪಡೆದ ಒಂದು ಕಂಪನಿಗೆ 9,000 ರೂಪಾಯಿ ಕೊಡಲು ಹೇಳಿತು. ಚೀಲದ ಮೇಲೆ ಕಂಪನಿಯದ್ದೇ ಹೆಸರು ಅಚ್ಚಾಗಿತ್ತು. ದುಡ್ಡು ಕೊಟ್ಟು ಅವರ ಜಾಹೀರಾತನ್ನು ನಾನೇಕೆ ಹೊರಬೇಕು ಎಂಬುದು ಗಿರಾಕಿಯ ವಾದ. ಆ ಸಿಟ್ಟು ನ್ಯಾಯವಾದದ್ದು. ಐರ್ಲೆಂಡಿನಲ್ಲೂ ಹಣ ಹೋದದ್ದು ಗಿರಾಕಿಯ ಜೇಬಿನಿಂದಲೇ. ಅಲ್ಲಿ ಅದು ಎಲ್ಲಿಗೆ ಹೋಗುತ್ತದೆ ಎಂದು ಜನರಿಗೆ ಗೊತ್ತಿತ್ತು. ಇಲ್ಲಿ ಅದು ಮಳಿಗೆಯ ಗಲ್ಲಾಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅಂಗಡಿಗೆ ಉಳಿದರೆ ಅದು ವ್ಯಾಪಾರ, ಊರಿಗೆ ಬಂದರೆ ಮಾತ್ರ ತೆರಿಗೆ.

ಚೀಲದ ತೆರಿಗೆಯಿಂದ ಮನೆಯ ಕಸವೆಲ್ಲ ಕರಗಿಹೋಗುತ್ತದೆ ಎಂದು ನಾನು ನಂಬಿಲ್ಲ. ಕ್ಯಾಲಿಫೋರ್ನಿಯಾದ ಊರುಗಳಲ್ಲಿ ಅಂಗಡಿ ಚೀಲ ನಿಂತಾಗ ಕಸದ ಬುಟ್ಟಿಗೆ ಹಾಕುವ ಚೀಲಗಳ ಮಾರಾಟ ಏರಿತು. ಮೊದಲು ಅಂಗಡಿ ಚೀಲವೇ ಬುಟ್ಟಿಯೊಳಗೆ ಕೂರುತ್ತಿತ್ತು, ಈಗ ಅದಕ್ಕೆಂದೇ ಕೊಳ್ಳಬೇಕಾಯಿತು. ರೆಬೆಕಾ ಟೇಲರ್ ಎಂಬ ಸಂಶೋಧಕಿಯ ಲೆಕ್ಕದ ಪ್ರಕಾರ ಉಳಿತಾಯವಾದ 4 ಕೋಟಿ ಪೌಂಡ್ ಪ್ಲಾಸ್ಟಿಕ್ಕಿನಲ್ಲಿ 1.2 ಕೋಟಿ ಪೌಂಡ್ ಹೀಗೆ ಹಿತ್ತಲ ಬಾಗಿಲಿನಿಂದ ಮರಳಿ ಬಂತು. ನಮ್ಮಲ್ಲಿ ಅನೇಕ ಮನೆಗಳಲ್ಲಿ ಹಸಿ ಕಸದ ಬುಟ್ಟಿಗೆ ಹಳೆಯ ಪತ್ರಿಕೆ ಹಾಸುತ್ತಾರೆ. ಬುಟ್ಟಿ ತೊಳೆಯುವ ಕೆಲಸ ಸ್ವಲ್ಪ ಹೆಚ್ಚು, ಅಷ್ಟೇ. ಹರಿಯಬೇಕಾದ ಗಂಟು ಇರುವುದಿಲ್ಲ.

ಬಟ್ಟೆ ಚೀಲದ ವಿಷಯದಲ್ಲೂ ಹುಷಾರಾಗಿರಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಭೂಮಿಯ ಬಿಸಿಯ ಲೆಕ್ಕದಲ್ಲಿ ಒಂದು ಹತ್ತಿಯ ಚೀಲ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಬರಬೇಕಾದರೆ ಅದನ್ನು 131 ಬಾರಿ ಬಳಸಬೇಕು. ಹತ್ತಿ ಬೆಳೆಯಲು ನೀರು, ಗೊಬ್ಬರ, ನೂಲಲು ವಿದ್ಯುತ್ತು ಹೋಗಿರುತ್ತದಲ್ಲ. ಇದನ್ನು ಓದಿದ ಮೇಲೆ ನಾನು ಹೊಸ ಬಟ್ಟೆ ಚೀಲ ಕೊಳ್ಳುವುದನ್ನು ನಿಲ್ಲಿಸಿದೆ. ಕೊಳ್ಳುವ ಅಗತ್ಯವಾದರೂ ಏನಿದೆ? ನಮ್ಮ ಮನೆಗಳಲ್ಲಿ ಬಾಗಿಲ ಹಿಂದಿನ ಮೊಳೆಗೆ ತಾಂಬೂಲದ ಚೀಲಗಳ ಕಂತೆಯೇ ನೇತಾಡುತ್ತಿರುತ್ತದೆ. ಮದುವೆ, ಗೃಹಪ್ರವೇಶ, ಉಪನಯನ, ಹೋದಲ್ಲೆಲ್ಲ ಒಂದು ತೆಂಗಿನಕಾಯಿ, ವೀಳ್ಯದೆಲೆ, ಜೊತೆಗೆ ಒಂದು ಚೀಲ. ಮೇಲೆ ವಧೂವರರ ಹೆಸರು, ತಾರೀಖು. ತೆಂಗಿನಕಾಯಿ ತಡೆದ ಚೀಲ ಎರಡು ಕಿಲೋ ಈರುಳ್ಳಿಯನ್ನೂ ತಡೆಯುತ್ತದೆ. ಮಡಚಿದರೆ ಅಂಗೈಯಗಲ. ಸ್ಕೂಟರಿನ ಡಿಕ್ಕಿಯಲ್ಲಿ ಎರಡು, ಕಚೇರಿಯ ಬ್ಯಾಗಿನಲ್ಲಿ ಒಂದು ಇದ್ದರೆ ಸಾಕು.

ಕರ್ನಾಟಕದಲ್ಲಿ ಇಂಥ ತೆರಿಗೆ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಪ್ಲಾಸ್ಟಿಕ್ಕಿನ ನಿಷೇಧ ಇದ್ದಂತೆಯೇ ಇರಲಿ. ದುಡ್ಡಿಗೆ ಮಾರುವ ಕಾಗದದ, ಬಟ್ಟೆಯಂತೆ ಕಾಣುವ, ಬೇರೆ ಯಾವುದೇ ಚೀಲದ ಮೇಲೆ ತೆರಿಗೆ ಬೀಳಲಿ. ತಳ್ಳುಗಾಡಿಯವರಿಂದ ಶುರು ಮಾಡುವುದು ಬೇಡ. ಯಂತ್ರದಲ್ಲಿ ಬಿಲ್ಲು ಕೊಡುವ ಅಂಗಡಿಗಳಿಂದ ಶುರುವಾಗಲಿ. ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಇರಲಿ, ಆ ಹಣ ಆಯಾ ವಾರ್ಡಿನ ಒಣ ಕಸದ ಕೇಂದ್ರಕ್ಕೆ ಹೋಗಲಿ: ಕೈಗವಸು, ಕೂತು ಕೆಲಸ ಮಾಡಲು ಮೇಜು, ಕೈ ತೊಳೆಯಲು ನಲ್ಲಿ, ಸರಿಯಾದ ಕೂಲಿ. ಬಂದದ್ದೆಷ್ಟು, ಹೋದದ್ದೆಲ್ಲಿಗೆ ಎಂದು ಕೇಂದ್ರದ ಬಾಗಿಲಲ್ಲೇ ಹಲಗೆಯ ಮೇಲೆ ಬರೆದಿರಲಿ. ಮೊತ್ತ ಮಾತ್ರ ತೀರ ಸಣ್ಣದಾಗಬಾರದು. ದೊಡ್ಡ ಮಳಿಗೆಗಳಲ್ಲಿ ಹತ್ತು ರೂಪಾಯಿಯ ಚೀಲವನ್ನು ಜನ ಈಗಲೂ ಎರಡನೇ ಯೋಚನೆಯಿಲ್ಲದೆ ಕೊಳ್ಳುತ್ತಿದ್ದಾರೆ, ಅಂದಮೇಲೆ ಹತ್ತಕ್ಕೆ ಯಾರ ಕಾಲೂ ಮೇಲೇಳುವುದಿಲ್ಲ. ಇಪ್ಪತ್ತೈದರಿಂದ ಶುರು ಮಾಡಬಹುದು. ಐರ್ಲೆಂಡಿನಲ್ಲೂ ವರ್ಷಗಳು ಕಳೆದಂತೆ ಜನ 15 ಸೆಂಟಿಗೆ ಒಗ್ಗಿಹೋದರು, ತಲೆಗೆ 21 ಇದ್ದ ಚೀಲ 30 ದಾಟಿತು. 2007ರ ಜುಲೈಯಲ್ಲಿ ತೆರಿಗೆಯನ್ನು 22 ಸೆಂಟಿಗೆ ಏರಿಸಿದರು. ಇಲ್ಲೂ ವರ್ಷಕ್ಕೊಮ್ಮೆ ಆ ಕೇಂದ್ರಗಳಲ್ಲಿ ಚೀಲಗಳನ್ನು ಎಣಿಸಿ ನೋಡಿ, ಎಣಿಕೆ ಇಳಿಯದಿದ್ದರೆ ಮೊತ್ತವನ್ನು ಏರಿಸುತ್ತ ಹೋಗಬಹುದು.