ನೋಡುವುದು, ನೋಡಿಕೊಳ್ಳುವುದು

ಹೊಸ ಯಂತ್ರವೊಂದು ಮಾರುಕಟ್ಟೆಗೆ ಬಂತೆಂದರೆ ನನಗೆ ನಿದ್ದೆ ಬರುವುದಿಲ್ಲ. ಡ್ರೋನ್, ಎದೆಬಡಿತ ಎಣಿಸುವ ವಾಚು, ಅಂಗೈಯಗಲದ ಕ್ಯಾಮೆರಾ, ಕೂಗಿದರೆ ದೀಪ ಹಚ್ಚುವ ಡಬ್ಬಿ, ಯಾವುದೇ ಇರಲಿ, ಪೆಟ್ಟಿಗೆ ಬಿಚ್ಚುವಾಗಿನ ಆ ಪ್ಲಾಸ್ಟಿಕ್ ವಾಸನೆಗೆ ಸೋತವನು ನಾನು. ಹಾಗಾಗಿ ಇದನ್ನು ತಂತ್ರಜ್ಞಾನದ ಮೇಲಿನ ದೂರು ಎಂದು ದಯವಿಟ್ಟು ಓದಬೇಡಿ. ಮನೆ ವಿಶಾಖಪಟ್ಟಣದಲ್ಲಿ, ತಿಂಗಳಿಗೆರಡು ಸಲ ಕೆಲಸ ವಿಜಯವಾಡದಲ್ಲಿ. ನಡುವಿನ ಸುಮಾರು 350 ಕಿಲೋಮೀಟರನ್ನು ರತ್ನಾಚಲ್ ಎಕ್ಸ್‌ಪ್ರೆಸ್ಸಿನ ಕಿಟಕಿ ಪಕ್ಕ ಕಳೆಯುವವನಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಈಚೆಗೆ ಆ ಯೋಚನೆಯೆಲ್ಲ ಒಂದು ಕ್ರಿಯಾಪದದ ಸುತ್ತಲೇ ಸುತ್ತುತ್ತಿದೆ.

‘ನೋಡು’ ಎಂಬುದಕ್ಕೆ ‘ಕೊಳ್ಳು’ ಸೇರಿದರೆ ಕನ್ನಡದಲ್ಲಿ ಅರ್ಥವೇ ಬದಲಾಗುತ್ತದೆ. ಮಗನನ್ನು ನೋಡಿದೆ ಅನ್ನುವುದು ಒಂದು, ಮಗ ಚೆನ್ನಾಗಿ ನೋಡಿಕೊಳ್ಳುತ್ತಾನೆ ಅನ್ನುವುದು ಇನ್ನೊಂದು. ತೆಲುಗಿನಲ್ಲೂ ಹೀಗೇ: ಚೂಡಡಂ, ಚೂಸುಕೋವಡಂ. ಆರೈಕೆ ಕಣ್ಣಿನಿಂದಲೇ ಶುರುವಾಗುತ್ತದೆಂದು ಎರಡೂ ಭಾಷೆಗಳಿಗೆ ಗೊತ್ತು. ಕಣ್ಣೊಂದೇ ಸಾಲದೆಂದೂ ಗೊತ್ತು. ಇಲ್ಲದಿದ್ದರೆ ಆ ಬಾಲವನ್ನು ಯಾಕೆ ಅಂಟಿಸುತ್ತಿದ್ದವು?

ನನ್ನ ಅವ್ವ ಕೊಪ್ಪಳದಲ್ಲಿ ಒಬ್ಬಳೇ ಇದ್ದಾಳೆ. ಎಪ್ಪತ್ತಾರು ವರ್ಷ. ವಿಶಾಖಪಟ್ಟಣಕ್ಕೆ ಬಾ ಎಂದರೆ ಸೆಕೆ ಅನ್ನುತ್ತಾಳೆ, ಕೊಪ್ಪಳದ ಬಿಸಿಲೇನೋ ಊಟಿಯದು ಎಂಬಂತೆ. ಹೋದ ಯುಗಾದಿಗೆ ಒಂದು ಕ್ಯಾಮೆರಾ ಒಯ್ದು ಪಡಸಾಲೆಯ ಮೂಲೆಗೆ ಹಾಕಿದೆ. ಕತ್ತಲಲ್ಲೂ ಕಾಣುತ್ತದೆ, ತಲೆ ತಿರುಗಿಸುತ್ತದೆ, ಮನುಷ್ಯರು ಓಡಾಡಿದರೆ ನನ್ನ ಫೋನಿಗೆ ಸುದ್ದಿ ಕಳಿಸುತ್ತದೆ. ಅವ್ವ ಎಲ್ಲವನ್ನೂ ಸಾವಧಾನವಾಗಿ ಕೇಳಿದಳು. ಆಮೇಲೆ, “ಅಲ್ಲೋ, ಇದರಾಗ ನೀ ನನ್ನ ನೋಡ್ತಿ. ನಾ ನಿನ್ನ ಎಲ್ಲಿ ನೋಡ್ಲಿ?” ಅಂದಳು.

ವಿಡಿಯೋ ಕಾಲ್ ಇದೆಯಲ್ಲ ಎಂದೆ. “ಅದು ಇಬ್ಬರೂ ಕೂಡಿ ನೋಡೂದು. ಇದು ನೀ ಒಬ್ಬನ ನೋಡೂದು. ನಿಮ್ಮ ಅಡಗಿ ಮನ್ಯಾಗೂ ಒಂದು ಹಚ್ಚು, ನಾನೂ ನೋಡ್ತೀನಿ.” ತಮಾಷೆಗೆ ಹೇಳಿದಂತೆ ಇರಲಿಲ್ಲ. ವಿಶಾಖಪಟ್ಟಣಕ್ಕೆ ಬಂದು ಹೆಂಡತಿಗೆ ಹೇಳಿದರೆ ಆಕೆ ಹಿಟ್ಟು ನಾದುತ್ತಲೇ, “ಹಚ್ಚಿ. ಅತ್ತಿಯವರು ಇಲ್ಲಿ ಅಡಗಿಮನಿ ನೋಡಲಿ, ನಾ ಬ್ಯಾರೆ ಮನಿ ನೋಡ್ತೀನಿ” ಅಂದಳು.

ನಗು ಬಂತು, ನಿಜ. ಆದರೆ ನಮ್ಮ ಮನೆಗೆ ಬೇಡವಾದದ್ದು ಅವ್ವನ ಮನೆಗೆ ಹೇಗೆ ಸರಿ ಎಂಬ ಪ್ರಶ್ನೆ ನಗುವಿನಿಂದ ಕರಗುವಂಥದ್ದಲ್ಲ. ಅವಳಿಗೆ ವಯಸ್ಸಾಗಿದೆ ಎಂಬುದು ಸಿದ್ಧ ಉತ್ತರ. ಅಂದರೆ ವಯಸ್ಸಾದಂತೆ ಮರೆಯ ಹಕ್ಕು ಕಡಿಮೆಯಾಗುತ್ತ ಹೋಗುತ್ತದೆಯೆ? ಈ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟ ಪ್ರಕರಣ ಯಾರ ಹೆಸರಿನದು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಆಧಾರ್ ಪ್ರಶ್ನಿಸಿ 2012ರಲ್ಲಿ ಅವರು ಅರ್ಜಿ ಹಾಕಿದಾಗ ಎಂಬತ್ತು ದಾಟಿತ್ತು. ಹದಿಹರೆಯದವರಿಗೆ ಬೇಕಾದ್ದು ಎಂದು ನಾವು ತಿಳಿದಿರುವ ಹಕ್ಕನ್ನು ಅಜ್ಜನಾಗಿದ್ದವರೊಬ್ಬರು ಕೇಳಿ ಪಡೆದರು.

ಕಾನೂನು ಮನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ ಎಂಬುದೂ ನಿಜ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಬಳಕೆಗೆ ಮಾಡುವ ಕೆಲಸಕ್ಕೆ ಅನ್ವಯಿಸುವುದಿಲ್ಲ. ಕಂಪನಿ ಅವ್ವನ ಒಪ್ಪಿಗೆ ಕೇಳಬೇಕಾದೀತು, ಮಗ ಕೇಳಬೇಕಿಲ್ಲ. ಕೇಳುವುದೂ ಬಿಡುವುದೂ ಮಗನಿಗೆ ಬಿಟ್ಟದ್ದು.

ಇಷ್ಟಾದರೂ ಕ್ಯಾಮೆರಾ ತೆಗೆದುಬಿಡು ಎನ್ನುವವರ ಜೊತೆ ನಾನಿಲ್ಲ. ಅವ್ವನ ಓಣಿಯಲ್ಲೇ ಒಬ್ಬ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದು, ಬೆಳಿಗ್ಗೆ ಹಾಲಿನವನು ಬರುವ ತನಕ ಅಲ್ಲೇ ಬಿದ್ದಿದ್ದರು. ಆ ಐದಾರು ತಾಸಿನ ಮುಂದೆ ಖಾಸಗಿತನದ ವಾದ ಬಹಳ ತೆಳುವಾಗಿ ಕಾಣುತ್ತದೆ. ಆದರೆ ಅಲ್ಲಿ ಕ್ಯಾಮೆರಾ ಇದ್ದಿದ್ದರೂ ಅವರನ್ನು ಎತ್ತುವವರು ಯಾರು? ಅವ್ವನೇ ಬಿದ್ದರೆ ನನಗೆ ಕೂಡಲೇ ಕಾಣುತ್ತದೆ. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಕೊಪ್ಪಳ ಮುಟ್ಟುವಷ್ಟರಲ್ಲಿ ಮರುದಿನವಾಗಿರುತ್ತದೆ. ನೋಡುವವನು ನಾನು, ಎತ್ತುವಾಕೆ ಪಕ್ಕದ ಮನೆಯ ಅಕ್ಕ. ಆ ಅಕ್ಕನಿಗಾಗಿ ನಾನು ಯುಗಾದಿಗೆ ಒಂದು ಸೀರೆಯನ್ನೂ ಒಯ್ದಿರಲಿಲ್ಲ.

ವಿಜಯವಾಡದಲ್ಲಿ ಇದನ್ನು ದೊಡ್ಡ ಅಳತೆಯಲ್ಲಿ ಕಂಡೆ. 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದ ಕಡೆ ಮನೆಗಳು ಮುಳುಗಿದಾಗ, ದೋಣಿ ಹೋಗಲಾಗದ ಕಡೆ ಡ್ರೋನ್‌ಗಳು ಅನ್ನದ ಪೊಟ್ಟಣ, ನೀರು, ಔಷಧಿ ಹೊತ್ತು ತಾರಸಿಗಳಿಗೆ ಇಳಿಸಿದವು. ನನ್ನಂಥ ಯಂತ್ರಮೋಹಿಗೆ ಅದಕ್ಕಿಂತ ಹೆಮ್ಮೆಯ ದಿನ ಬೇರೆ ಇರಲಿಲ್ಲ. ಮರು ತಿಂಗಳೇ, ಅಕ್ಟೋಬರ್ 22ರಂದು, ಕೃಷ್ಣೆಯ ದಂಡೆಯ ಪುನ್ನಮಿ ಘಾಟಿನಲ್ಲಿ 5,500 ಡ್ರೋನ್‌ಗಳು ಆಕಾಶದಲ್ಲಿ ಚಿತ್ರ ಬರೆದು ಗಿನ್ನೆಸ್ ದಾಖಲೆ ಮಾಡಿದವು. ಅದೂ ಚಂದವೇ. ಆದರೆ ನೆನಪಿನಲ್ಲಿ ನಿಂತದ್ದು ಆ ತಾರಸಿಗಳು. ನೆರೆಯ ದಿನ ಅಲ್ಲಿದ್ದವರು ಕೈ ಬೀಸಿ ಕರೆಯುತ್ತಿದ್ದರು, ಡ್ರೋನ್ ಬರಿಗೈಯಲ್ಲಿ ಬರುತ್ತಿರಲಿಲ್ಲ. ನೀರಿಳಿದು, ಹೆಂಗಸೊಬ್ಬಳು ತಲೆಗೂದಲು ಒಣಗಿಸಿಕೊಳ್ಳುತ್ತ ನಿಂತ ಮಧ್ಯಾಹ್ನ ಅದೇ ಡ್ರೋನ್ ಅದೇ ತಾರಸಿಯ ಮೇಲೆ ಸುಳಿದರೆ? ಯಂತ್ರದಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿರುವುದಿಲ್ಲ.

ಯಂತ್ರ ನೋಡುತ್ತಿದೆ ಎಂಬ ಭರವಸೆಗೆ ಬೇರೆಯದೇ ಅಪಾಯವೂ ಇದೆ. ವಿಶಾಖಪಟ್ಟಣದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 2020ರ ಮೇ 7ರ ನಸುಕಿನಲ್ಲಿ ಆರ್.ಆರ್. ವೆಂಕಟಾಪುರಂನ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಸೋರಿ 12 ಮಂದಿ ಸತ್ತರು. ಸರಕಾರದ ಉನ್ನತಾಧಿಕಾರ ಸಮಿತಿ ಹೇಳಿದ್ದು ಇದು: ಟ್ಯಾಂಕಿನ ಉಷ್ಣತೆ ಅಳೆಯುವ ವ್ಯವಸ್ಥೆ ಇದ್ದದ್ದು ತಳಭಾಗದಲ್ಲಿ, ಮೇಲ್ಭಾಗದ ಬಿಸಿ ಯಾರಿಗೂ ಕಾಣಲಿಲ್ಲ. ಸೈರನ್ ಇತ್ತು, ಮೊಳಗಲಿಲ್ಲ. ತಳ ತಣ್ಣಗಿದೆ ಎಂದು ಮಾಪಕ ಹೇಳಿದರೆ ಕಾಯುವವನು ನಿಶ್ಚಿಂತನಾಗುತ್ತಾನೆ. ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತದ್ದು ನನ್ನ ಫೋನಿನಲ್ಲಿ ಕಾಣುತ್ತದೆ; ಮೂರು ದಿನದಿಂದ ಸಾರಿಲ್ಲದೆ ಬರೀ ಮಜ್ಜಿಗೆ ಅನ್ನ ಉಂಡದ್ದು ಕಾಣುವುದಿಲ್ಲ. ಅದನ್ನು ಹೇಳಿದ್ದು ಪಕ್ಕದ ಮನೆಯ ಅಕ್ಕ.

ಈಗ ಗೂಗಲ್ ನಮ್ಮ ಊರಿಗೆ ಬರುತ್ತಿದೆ. ಐದು ವರ್ಷಗಳಲ್ಲಿ 15 ಬಿಲಿಯನ್ ಡಾಲರ್ ಸುರಿದು ದೊಡ್ಡ ದತ್ತಾಂಶ ಕೇಂದ್ರ ಕಟ್ಟುವುದಾಗಿ 2025ರ ಅಕ್ಟೋಬರಿನಲ್ಲಿ ಘೋಷಿಸಿದೆ. ಯಾರ ಯಾರ ಮನೆಯ ಪಡಸಾಲೆಗಳು ಇಲ್ಲಿಗೆ ಬಂದು ಕೂರುತ್ತವೋ. ನಾನಂತೂ ಆ ಕಟ್ಟಡ ನೋಡಲು ಮೊದಲ ದಿನವೇ ಹೋಗುವವನು.

ಸದ್ಯ ಅವ್ವ ಮತ್ತು ನನ್ನ ನಡುವೆ ಒಂದು ಕರಾರು ಆಗಿದೆ. ಹಗಲು ಕ್ಯಾಮೆರಾ ಬೀದಿ ಬಾಗಿಲ ಕಡೆ ಮುಖ ಮಾಡಿರಬೇಕು. ಸಂಜೆ ಅರ್ಧ ತಾಸು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ನಿಲ್ಲಿಸಬೇಕು. ಹೆಂಡತಿಯೂ ಒಪ್ಪಿದ್ದಾಳೆ, ರೊಟ್ಟಿಯ ಆಕಾರದ ಬಗ್ಗೆ ಮಾತಾಡಬಾರದು ಎಂಬ ಷರತ್ತಿನ ಮೇಲೆ. ರಾತ್ರಿಯ ಮಾತು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅವ್ವ ರಾತ್ರಿ ಎರಡು ಸಲ ಏಳುತ್ತಾಳೆ. ಬಚ್ಚಲು ಹಿತ್ತಲಿನಲ್ಲಿದೆ, ನಡುವೆ ಎರಡು ಮೆಟ್ಟಿಲು. ಅಲ್ಲೊಂದು ಕ್ಯಾಮೆರಾ ಹಾಕುತ್ತೇನೆ ಎಂದಾಗಲೆಲ್ಲ ಅವಳು, “ನೋಡೋಣು ತಡಿ” ಅನ್ನುತ್ತಾಳೆ.