ಹೆಬ್ಬೆರಳಿನ ಬೆಲೆ

ಏಕಲವ್ಯನಿಂದ ದ್ರೋಣನು ಬೇಡಿದ್ದು ಒಂದು ಹೆಬ್ಬೆರಳನ್ನು ಮಾತ್ರ. ಇಡೀ ತೋಳನ್ನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಬಲಗೈ ಹೆಬ್ಬೆರಳು ಹೋದರೆ, ಉಳಿದ ದೇಹವೆಲ್ಲ ನೆಟ್ಟಗಿದ್ದರೂ, ಬಿಲ್ಲುಗಾರ ಹೋದಂತೆಯೇ ಎಂಬುದು ಆ ಗುರುವಿಗೆ ಚೆನ್ನಾಗಿ ಗೊತ್ತಿತ್ತು. ಅವನ ನಡತೆಯನ್ನು ಮೆಚ್ಚುವುದು ಕಷ್ಟ. ಆದರೆ ಅಂಗದ ಬೆಲೆಯನ್ನು ಕಸುಬಿನಿಂದ ಅಳೆಯಬೇಕೆಂಬ ತಿಳಿವಳಿಕೆ ಅವನಿಗಿತ್ತೆಂಬುದನ್ನು ಒಪ್ಪಬೇಕು.

ನಮ್ಮ ಕಾಲದ ಲೆಕ್ಕ ಬೇರೆ. 1923ರ ಕಾರ್ಮಿಕರ ಪರಿಹಾರ ಕಾಯಿದೆಗೆ ಒಂದು ಪಟ್ಟಿಯನ್ನು ಜೋಡಿಸಿದ್ದರು. ಎರಡೂ ಕೈ ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ ನೂರು ನಷ್ಟ. ಹೆಬ್ಬೆರಳು ಹೋದರೆ 30. ಒಂದು ಕೈಯ ಎರಡು ಬೆರಳು ಹೋದರೆ 20. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ಮೀಸಲಾತಿಯಂಥ ಸೌಲಭ್ಯಕ್ಕೆ ನೂರಕ್ಕೆ 40ರಷ್ಟಾದರೂ ಊನ ಇರಬೇಕೆನ್ನುತ್ತದೆ. ಕೇಂದ್ರ ಸರಕಾರದ ಅಂಗವಿಕಲ ಪಿಂಚಣಿಗೆ ಬಡತನದ ಜೊತೆಗೆ 80 ಬೇಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಎರಡು ಕೈ ಹೋದರೆ 2 ಲಕ್ಷ ರೂಪಾಯಿ, ಒಂದು ಕೈ ಹೋದರೆ 1 ಲಕ್ಷ. ಹೆಬ್ಬೆರಳೊಂದರ ಹೆಸರು ಅಲ್ಲಿಲ್ಲ.

ಈ ಅಂಕಿಗಳನ್ನು ಹಿಡಿದುಕೊಂಡು ಇಳಕಲ್ಲಿನ ಒಂದು ಮಗ್ಗದ ಮನೆಗೆ ಹೋಗೋಣ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಅದು ತೋಳಿನ ಬಲದ ಕೆಲಸವಲ್ಲ, ಬೆರಳ ತುದಿಯ ಕೆಲಸ. ಅಲ್ಲಿಯ ನೇಕಾರನ ಹೆಬ್ಬೆರಳು ಹೋಯಿತೆನ್ನಿ. ಪಟ್ಟಿಯ ಪ್ರಕಾರ ಅವನಲ್ಲಿ ಇನ್ನೂ ನೂರಕ್ಕೆ ಎಪ್ಪತ್ತು ಪಾಲು ಉಳಿದಿದೆ. ಆದರೆ ನೂರಕ್ಕೆ ಎಪ್ಪತ್ತು ಪಾಲು ಸೀರೆಯನ್ನು ಯಾರು ಕೊಳ್ಳುತ್ತಾರೆ? ನೌಕರರ ರಾಜ್ಯ ವಿಮೆಯನ್ನು ಕೇಳೋಣವೆಂದರೆ, ಅದಕ್ಕೆ ಕಾರ್ಖಾನೆಯೋ ಸಂಸ್ಥೆಯೋ ಬೇಕು, ಸಂಬಳದ ಪಟ್ಟಿ ಬೇಕು. ಮನೆಯ ಮಗ್ಗದವನಿಗೆ ಇವು ಎಲ್ಲಿಂದ ಬರಬೇಕು?

ನ್ಯಾಯಾಸ್ಥಾನಕ್ಕೆ ಈ ಸಂಗತಿ ಹೊಳೆಯದೆ ಇಲ್ಲ. ಕೆಲಸದಲ್ಲಿ ಬಿದ್ದು ಎಡಗೈಯನ್ನು ಮೊಣಕೈಯ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬನ ವ್ಯಾಜ್ಯದಲ್ಲಿ, ಒಂದೇ ಕೈಯಿಂದ ಬಡಗಿಯ ಕೆಲಸ ಸಾಗದಾದ್ದರಿಂದ ಅವನ ನಷ್ಟ ಸಂಪೂರ್ಣವೆಂಬ ತೀರ್ಮಾನವನ್ನು ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ಎತ್ತಿಹಿಡಿಯಿತು. ತತ್ತ್ವ ಸ್ಪಷ್ಟವಾಗಿದೆ. ಆದರೆ ದಿಲ್ಲಿಯ ತತ್ತ್ವ ಹುನಗುಂದದ ಅರ್ಜಿಯವರೆಗೆ ಇಳಿದು ಬರುವುದು ಸುಲಭವಲ್ಲ. ವೈದ್ಯರು ಕೀಲನ್ನು ಅಳೆಯುತ್ತಾರೆ. ಆ ಕೀಲಿನಿಂದ ಏನು ಮಾಡುತ್ತಿದ್ದೆ ಎಂಬುದು ಅವರ ಅಳತೆಗೆ ಸೇರಿದ್ದಲ್ಲ.

ಕಣ್ಣಿಗೆ ಕಾಣದ ಊನದ ಪಾಡು ಇನ್ನೂ ಕಠಿಣ. ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಊರೂರಿನ ಮನೆಗಳಿಗೆ ಚೆಲುವು ತಂದಿವೆ. ಕಲ್ಲು ಒಡೆಯುವವನ ಎದೆಗೆ ಇಳಿಯುವುದು ಅದರ ಧೂಳು. ವರ್ಷಗಟ್ಟಲೆ ಧೂಳು ಕುಡಿದ ಪುಪ್ಪುಸ ಗಟ್ಟಿಯಾಗಿ ಸಿಲಿಕೋಸಿಸ್ ಬಂದರೆ ಹತ್ತು ಮೆಟ್ಟಿಲು ಹತ್ತುವುದೂ ಸಾಹಸವೇ. ಆದರೂ 2016ರ ಪಟ್ಟಿಯ 21 ಹೆಸರುಗಳಲ್ಲಿ ಈ ರೋಗವಿಲ್ಲ. ಅಪಘಾತದ ವಿಮೆ ಕೇಳಿದರೆ, ಇಪ್ಪತ್ತು ವರ್ಷ ನಡೆದದ್ದು ಅಪಘಾತವಲ್ಲ. ರಾಜಸ್ಥಾನ ಸರಕಾರ 2019ರಲ್ಲಿ ಈ ರೋಗಿಗಳಿಗಾಗಿಯೇ ಒಂದು ನೀತಿಯನ್ನು ತಂದಿತು. ಆದ್ದರಿಂದ ಇದು ಆಗದ ಮಾತೇನೂ ಅಲ್ಲ.

ಸುಳ್ಳು ಹೇಳುವವರು ಇಲ್ಲವೇ, ಸಾರ್ವಜನಿಕರ ಹಣಕ್ಕೆ ಕಾವಲು ಬೇಡವೇ ಎಂದು ಕೇಳುವವರುಂಟು. ಕಾವಲು ಬೇಕು. ಆದರೆ ಅನರ್ಹನಿಗೆ ಕೊಟ್ಟ ತಪ್ಪು, ಅರ್ಹನಿಗೆ ಕೊಡದ ತಪ್ಪು, ಇವೆರಡೂ ಒಂದೇ ತೂಕದವಲ್ಲ. ಮೊದಲನೆಯದರಿಂದ ಬೊಕ್ಕಸಕ್ಕೆ ಹಣ ನಷ್ಟ. ಎರಡನೆಯದರಿಂದ ಒಂದು ಮನೆಯ ಒಲೆ ಆರುತ್ತದೆ. ಹೀಗಿರುವಲ್ಲಿ ರುಜುವಾತಿನ ಭಾರವನ್ನೆಲ್ಲ ನಡೆಯಲಾರದವನ ಹೆಗಲಿಗೇ ಹೇರಿ, ಬಸ್ಸು ಹತ್ತಿಸಿ, ಇನ್ನೊಂದು ಕಾಗದಕ್ಕೆ ಮುಂದಿನ ವಾರ ಬಾ ಎನ್ನುವುದು ಕಾವಲಾಗುವುದು ಹೇಗೆ? ಜೀವಮಾನವೆಲ್ಲ ನೋವನ್ನು ಅಡಗಿಸಿಕೊಂಡು ದುಡಿದವನು ಈಗ ಅದನ್ನು ಎಲ್ಲರೆದುರು ಬಿಚ್ಚಿ ತೋರಿಸಬೇಕು; ತಾನು ಕೆಲಸಕ್ಕೆ ಬಾರದವನೆಂದು ತಾನೇ ಸಾಧಿಸಬೇಕು. ಮೊದಲ ಪೆಟ್ಟು ಕೈಗೆ ಬಿತ್ತು. ಈ ಎರಡನೆಯದು ಮಾನಕ್ಕೆ.

ಕೂಡಲಸಂಗಮದ ನೆರೆಯವರಾದ ನಾವು ಕಾಯಕದ ಮಾತನ್ನು ಹೆಮ್ಮೆಯಿಂದ ಆಡುತ್ತೇವೆ. ಒಮ್ಮೆ ತರಗತಿಯಲ್ಲಿ ಆ ಪಾಠ ನಡೆದಿದ್ದಾಗ ನೇಕಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, “ಸರ್, ಕೈ ಹೋದಾಂವ ಏನ್ ಕಾಯಕ ಮಾಡಬೇಕ್ರಿ?” ಎಂದು ಕೇಳಿದ. ಕಾಯಕವನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅದು ದುಡಿಯಲಾರದವನ ಮೇಲೆ ಎತ್ತಿದ ಬೆತ್ತವಾಗುತ್ತದೆ. ಶರಣರು ಅಲ್ಲಿಗೆ ನಿಲ್ಲಿಸಲಿಲ್ಲ, ದಾಸೋಹವನ್ನೂ ಜೊತೆಗಿಟ್ಟರು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಗದರಿಸಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಅವಳು ಪ್ರಶ್ನಿಸಿದ್ದು ಹೆಚ್ಚು ಇಟ್ಟುಕೊಂಡವನನ್ನು, ಇಲ್ಲದವನನ್ನಲ್ಲ. ಕಾಯಕದ ಫಲ ಎಲ್ಲರದೂ ಆಗಿದ್ದರೆ, ಕೈ ನಡೆಯದ ದಿನ ಅದರಲ್ಲಿ ತನ್ನ ಪಾಲನ್ನು ಕೇಳುವುದು ಭಿಕ್ಷೆಯಲ್ಲ. ವಿಮೆಯ ತಿರುಳೂ ಇದೇ ಎಂದು ನನಗೆ ತೋರುತ್ತದೆ.

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳು ಸಂದು ನವನಗರ ಎದ್ದಾಗ, ಟೇಪು ಹಿಡಿದವರು ಮನೆಯ ಉದ್ದಗಲವನ್ನು ಅಳೆದರು. ಆ ಕಟ್ಟೆಗೆ ದಿನವೂ ಬರುತ್ತಿದ್ದ ಗಿರಾಕಿಯನ್ನು ಅಳೆಯುವ ಟೇಪು ಅವರಲ್ಲಿರಲಿಲ್ಲ. ಹೋದದ್ದು ಗೋಡೆ ಮಾತ್ರವಲ್ಲ, ಬದುಕು ಎಂದು ಅಂದು ನಾವೆಲ್ಲ ಹೇಳಿದೆವು. ಆ ಮಾತನ್ನು ನೇಕಾರನ ಪರವಾಗಿ, ಕಲ್ಲು ಒಡೆಯುವವನ ಪರವಾಗಿ ಇಂದು ಹೇಳಲು ಹಿಂದೆಗೆಯಬಾರದು.

ದೊಡ್ಡ ಸುಧಾರಣೆಗಳು ಆಗುವಾಗ ಆಗಲಿ. ಅರ್ಜಿಯ ಹಾಳೆಯಲ್ಲಿ “ಏನು ಹೋಗಿದೆ?” ಎಂಬ ಸಾಲಿನ ಕೆಳಗೆ “ಏನು ಮಾಡುತ್ತಿದ್ದಿರಿ?” ಎಂಬ ಇನ್ನೊಂದು ಸಾಲು ಬರಲಿ, ಬರೆದ ಉತ್ತರವನ್ನು ಓದಿ ತೂಗುವವರೂ ಇರಲಿ. ಅರ್ಜಿ ಹಿಡಿದು ನಿಂತವನನ್ನು ಕೂರಿಸಿ ಕೇಳುವುದಕ್ಕಂತೂ ಯಾವ ಕಾಯಿದೆಯ ತಿದ್ದುಪಡಿಯೂ ಬೇಕಾಗಿಲ್ಲ.